ಉಗ್ರಾಣದ ಕಾವಲಿಗೆ ನಮ್ಮ ಮಾವ

ದೇವತೆಗಳು ರೆಪ್ಪೆ ಬಡಿಯುವುದಿಲ್ಲವಂತೆ. ಹಾಗಾದರೆ ಅಜ್ಜಂಪುರದ ನನ್ನ ಸೋದರಮಾವ ದೇವತೆಯೇ ಸೈ! ಯಾವಾಗ ನೋಡಿದರೂ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಇಂಥವರನ್ನು ನೆಂಟರು ಬಿಡುತ್ತಾರೆಯೇ? ಕಡೂರಲ್ಲಾಗಲಿ, ತರೀಕೆರೆಯಲ್ಲಾಗಲಿ, ನಮ್ಮವರ ಮದುವೆಯೆಂದರೆ ಉಗ್ರಾಣದ ಕಾವಲು ಅವರದೇ. ಬಾಗಿಲಿಗೆ ಕುರ್ಚಿ ಹಾಕಿ ಕೂರಿಸಿದರೆ ಮುಗಿಯಿತು, ಬೀಗವೇ ಬೇಡ!

ಒಮ್ಮೆ ಬೀಗರೇ ಬಂದು, "ಶುಗರ್ ಇಳಿದು ತಲೆ ಸುತ್ತುತ್ತಿದೆ, ಒಂದು ಲಾಡು ಕೊಡಿ ಸ್ವಾಮಿ" ಅಂದರು.

"ಲಾಡು ನಾಳೆ ಊಟಕ್ಕೆ. ಇವತ್ತು ಇನ್ನೂ ಮುಗಿದಿಲ್ಲ" ಅಂದ ಮಾವ, ಬೊಗಸೆ ತುಂಬ ಸಕ್ಕರೆ ಕೊಟ್ಟರು. ಬೀಗರು ಸಕ್ಕರೆ ಮುಕ್ಕಿದರು, ನಾವು ತಲೆ ತಗ್ಗಿಸಿದೆವು.

ಇನ್ನೊಂದು ಮದುವೆಯಲ್ಲಿ ಛತ್ರದ ಟ್ಯೂಬ್‌ಲೈಟುಗಳು "ಗುಂಯ್ ಅಂತ ಕೂಗ್ತವೆ" ಎಂದು ಎಲ್ಲವನ್ನೂ ಬಿಚ್ಚಿ ಗೋಡೆಗೆ ಒರಗಿಸಿಟ್ಟರು. ಮೆಹಂದಿಯವಳು ಕತ್ತಲಲ್ಲಿ ಮದುಮಗಳನ್ನು ಬಿಟ್ಟು ಅವಳ ಅತ್ತೆಯ ಕೈಗೆ ಹಚ್ಚಿದಳು! "ನಮ್ಮ ಮಾವ ಸ್ವಲ್ಪ ತಿಕ್ಕಲು ಕಣ್ರೀ" ಅಂತ ಮದುವೆಮನೆ ತುಂಬ ಹೇಳಿಕೊಂಡು ತಿರುಗಿದವಳು ನಾನೇ. ಹೋದ ವರ್ಷ ಡಾಕ್ಟರು ಅದಕ್ಕೆ ಆಟಿಸಂ ಅಂದರು. ಮಾವನಿಗೆ ಆಗಲೇ ಅರವತ್ತು ದಾಟಿತ್ತು.

ಮೊನ್ನೆ ನನ್ನ ಮಗನ ಮದುವೆಗೆ ಮಾವನನ್ನು ಕರೆಯಲು ಹೊರಟಾಗ ತಂಗಿಯ ಮಗಳೂ ಜೊತೆಗೆ ಬಂದಳು. ಆಟಿಸಂ ಇರುವವರ ಮಿದುಳು ನಿದ್ದೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಅವಳ ಸಂಶೋಧನೆ. ತಲೆಗೆ ವೈರಿನ ಟೋಪಿ ಹಾಕಿ ಮಲಗಿಸಿ ನೋಡುತ್ತಾರಂತೆ.

"ತಾತ, ಟೋಪಿ ಹಾಕ್ಕೊಂಡು ಮಲಗ್ತೀರಾ?"

"ಟೋಪಿ ಕೂಗುತ್ತಾ?"

"ಇಲ್ಲ ತಾತ."

"ಹಂಗಾದ್ರೆ ಆಯ್ತು."

ನಾನು ನಕ್ಕು, "ಅವರಿಗೆ ನಿದ್ದೇನೇ ಬರಲ್ಲ ಕಣೇ, ನಿನ್ನ ಟೋಪಿ ದಂಡ!" ಅಂದೆ.

"ಬರುತ್ತೆ" ಅಂದರು ಮಾವ. "ಸದ್ದಿಲ್ಲದ ಕಡೆ ತಡವಾಗಿ ಬರುತ್ತೆ. ಛತ್ರದಲ್ಲಿ ಬರಲ್ಲ. ಮದುವೆ ಮುಗಿಸ್ಕೊಂಡು ಬಂದ್ಮೇಲೆ ವಾರಗಟ್ಟಲೆ ತಲೆ ಸಿಡಿಯುತ್ತೆ."

"ಮತ್ತೆ ಕಾವಲು ಯಾಕೆ ಒಪ್ಕೋತೀರಿ ತಾತ?"

"ಇಲ್ದಿದ್ರೆ ನನ್ನ ಯಾರು ಕರೀತಾರೆ?"

ದನಿಯಲ್ಲಿ ದೂರಿರಲಿಲ್ಲ. ನನಗೋ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನಾನು ಬಂದದ್ದಾದರೂ ಯಾತಕ್ಕೆ? "ಉಗ್ರಾಣ ನಿಮ್ಮದೇ ಮಾವ" ಅನ್ನುವ ಮಾತನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಥೂ ನನ್ನ ಜನ್ಮಕ್ಕಿಷ್ಟು!

ಲಗ್ನಪತ್ರಿಕೆ ಕೊಟ್ಟು ಕಾಲಿಗೆ ಬಿದ್ದೆ. "ಕಾವಲಿಗೆ ಬೇರೆಯವರಿದಾರೆ ಮಾವ. ನೀವು ಸುಮ್ನೆ ಬನ್ನಿ."

ಮಾವ ಗಾಬರಿಯಾದರು. "ಸುಮ್ನೆ ಬಂದು ಏನ್ಮಾಡ್ಲಿ?"

"ನನ್ನ ಮಗನ ತಲೆ ಮೇಲೆ ನಾಲ್ಕು ಅಕ್ಷತೆ ಹಾಕಿ."

ಅವರು ತಮ್ಮ ಬಲಗೈಯನ್ನು ಬಿಡಿಸಿ ನೋಡಿಕೊಂಡರು.

"ಎಷ್ಟೊತ್ತಿಗೆ ಹಾಕ್ಬೇಕು ಅಂತ ನೀನೇ ಹೇಳು ಕಣೇ. ನಾನು ಯಾರ ಮದುವೇಲೂ ಹಾಕಿಲ್ಲ."