ಸಂತಿಗೆ ಹೋದಾಂವ ಬಂದ್ನೋ ಇಲ್ಲೋ?

ಇಡೀ ಮಾನವಿ ಊರಾಗ ನಮ್ಮ ಸೋದರತ್ತಿಗೆ ಇದ್ದದ್ದು ಒಬ್ಬನೇ ವೈರಿ: ರೇಡಿಯೋದಾಗ ಸುದ್ದಿ ಓದೋನು! ಅಂವನ ಮುಖ ನೋಡಿದಾಕಿ ಅಲ್ಲ, ಮಾತಾಡಿದಾಕಿ ಅಲ್ಲ. ಆದ್ರೂ ಅಂವನ ದನಿ ಕೇಳಿದ್ರ ಸಾಕು, "ಇವನ ಬಾಯಾಗ ಮಣ್ಣ ಹಾಕ!" ಅಂತ ಶುರು ಮಾಡ್ತಿದ್ಲು.

ಎಪ್ಪತ್ತರ ದಶಕದ ಮಾತಿದು. ತಾನೇ ಪದ ಕಟ್ಟಿ ತಾನೇ ಹಾಡೋ ಗಾಯಕನೊಬ್ಬ ಇದ್ದ. ನಮ್ಮತ್ತಿಗೆ ಅಂವನ ಹಾಡಂದ್ರ ಜೀವ. ಅದರಾಗೂ ಒಂದು ಹಾಡು, "ಸಂತಿಗಿ ಹೋದಾಂವ ಸಂಜೀಗಿ ಬರತಾನ." ಮೊದಲನೇ ನುಡಿಯಾಗ ಗಂಡ ಸಂತಿಗೆ ಹೋಗ್ತಾನ. ಎರಡನೇದರಾಗ ಹೆಂಡತಿ ದೀಪ ಹಚ್ಚಿ ಬಾಗಲದಾಗ ಕೂಡ್ತಾಳ. ಮೂರನೇದು ಶುರು ಆಗೂದ್ರಾಗ ರೇಡಿಯೋದಾಗ ಸುದ್ದಿ ಹೊತ್ತು! ಪ್ರತಿ ಸಲಾನೂ! ಅಂವ ಮನಿಗೆ ಬಂದ್ನೋ ಇಲ್ಲೋ ಅನ್ನೋದು ಆಕಿಗೆ ಐದಾರು ವರ್ಷ ಗೊತ್ತಾಗಲೇ ಇಲ್ಲ.

ಎದುರುಮನಿಯ ಕೈಬಳಿ ಮಾರೋ ಖಾಲಾನ್ನ ಕೇಳಿದ್ಲು. "ಆತಾ ಮಾ, ಕಾಂ ಜಾತಾ?" ಅಂದ್ಲು ಖಾಲಾ, ಎಲ್ಲಿ ಹೋಗ್ತಾನ, ಬರ್ತಾನ ಬಿಡು ಅನ್ನೋಹಂಗ. ನಾ ಬಿ.ಎ. ಪಾಸಾದಾಂವ, ಮಂದಿ ಮಾತಾಡೂವಾಗ ನಡುವ ವ್ಯಾಕರಣ ತಿದ್ದಾಂವ. "ಅದು ಬರೇ ಹಾಡು ಅತ್ತಿ, ಒಳಗ ಯಾರೂ ಇಲ್ಲ" ಅಂದೆ.

"ನಿನ್ನ ತಲಿಯೊಳಗ ಯಾರೂ ಇಲ್ಲ" ಅಂದ್ಲು!

ಕಡೀಗೆ ನನ್ನ ಕೈಲೆ ರೇಡಿಯೋದವರಿಗೆ ಪತ್ರ ಬರೆಸಿದ್ಲು: "ಸುದ್ದಿ ಐದು ನಿಮಿಷ ತಡ ಆದ್ರ ಯಾವ ದೇಶ ಮುಳಗ್ತದ್ರಿ?" ಕೇಳುಗರ ಪತ್ರದ ದಿನ ಅದನ್ನ ಓದಾಕೂ ಶುರು ಮಾಡಿದ್ರು. ಅರ್ಧಕ್ಕ ಬರೂದ್ರಾಗ ಸುದ್ದಿ ಬಂತು.

ಅಂಥಾದ್ರಾಗ ಆ ಗಾಯಕ ರಾಯಚೂರಿಗೆ ಬರ್ತಾನಂತ ತಿಳೀತು. ಬಿಡ್ತಾಳೇನು? ರೊಟ್ಟಿ ಗಂಟಿನ ಜೋಡಿ ನನ್ನನ್ನೂ ಕಟ್ಟಿಕೊಂಡು ಹೊಂಟ್ಲು. ಬಸ್ಸಿನಾಗ ಎಲ್ಲರಿಗೂ ಕಥಿ ಹೇಳಿದ್ಲು. ನಾನಂತೂ ಬೆಲ್‌ಬಾಟಂ ಹಾಕ್ಕೊಂಡ ದೊಡ್ಡ ಮನಷ್ಯಾ, ಕಿಡಕಿ ಕಡಿ ಮುಖ ತಿರುವಿ ಕೂತೆ. ಇಳಿಯೂವಾಗ ಕಂಡಕ್ಟರ್, "ಯವ್ವಾ, ಅಂವ ಬಂದ್ನೋ ಇಲ್ಲೋ ನಾಳಿ ತಿರುಗಿ ಬರೂವಾಗ ಹೇಳ್ರಿ ಮತ್ತ" ಅಂದ.

ಗೇಟಿನಾಗ ಆ ಗಾಯಕನ ಹಾಡಿನ ಪುಸ್ತಕ ಮಾರಾಕತ್ತಿದ್ರು. ಕೊಂಡು ತೆಗೆದು ನೋಡಿದೆ. ಮೂರನೇ ನುಡಿ ಅದರಾಗಿತ್ತು. ಅಂವ ಬರೋದಿಲ್ಲ. ಎಣ್ಣಿ ತೀರಿ ದೀಪ ಆರ್ತದ, ಹಾಡು ಅಲ್ಲಿಗೇ ಮುಗೀತದ.

ಆಗ ಹೊಳೀತು ನೋಡ್ರಿ ನನಗ! ಅತ್ತಿ ಗಂಡ, ನಮ್ಮ ಮಾವ, ಮುಂಬಯಿಗೆ ಕೆಲಸಕ್ಕಂತ ಹೋಗಿ ಏಳು ವರ್ಷ ಆಗಿತ್ತು. ಮೊದಮೊದಲು ಎರಡು ಪತ್ರ ಬಂದಿದ್ವು, ಆಮ್ಯಾಲ ಅವೂ ಇಲ್ಲ. ಅತ್ತಿಗೆ ಓದು ಬರೂದಿಲ್ಲ. ಆ ಪತ್ರ ಓದಿ ಹೇಳಿದಾಂವ ನಾನೇ. ಇಂಥಾ ತಲಿಗೆ ಯಾವ ಪುಣ್ಯಾತ್ಮ ಬಿ.ಎ. ಕೊಟ್ನೋ!

"ಅತ್ತಿ, ಹೊಟ್ಟಿ ನೋಯಾಕತ್ತದ, ಮನಿಗೆ ಹೋಗೂಣು ನಡಿ" ಅಂದೆ. "ಅಜವಾನ ಜಗಿ" ಅಂತ ಕೈಯಾಗ ಒಂದು ಚಿಟಿಕಿ ಹಾಕಿ, ಹೆಣ್ಣುಮಕ್ಕಳ ಕಡಿ ಹೋಗಿ ಮುಂದ ಕೂತ್ಲು.

ಹಾಡು ಬಂತು. ಒಂದನೇ ನುಡಿ ಆತು, ಎರಡನೇದಾತು. ಅಷ್ಟರಾಗ ತಡವಾಗಿ ಬಂದ ಅತಿಥಿಗೆ ಮಾಲಿ ಹಾಕಬೇಕಂತ ಒಬ್ಬರು ಬಂದು ಮೈಕ್ ಹಿಡಕೊಂಡ್ರು! ಅತ್ತಿ ಎದ್ದು ನಿಂತ್ಲು. "ಏ ಯಪ್ಪಾ, ತಡಿ! ಅಂವ ಮನಿಗೆ ಬಂದ್ನೋ ಇಲ್ಲೋ ಮೊದಲು ಹೇಳ್ಲಿ!" ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ನಾ ಬಗ್ಗಿ, ಚಪ್ಪಲಿಗೆ ಇಲ್ಲದ ಲೇಸು ಕಟ್ಟಾಕತ್ತಿದ್ದೆ.

ಗಾಯಕ ನಗಲಿಲ್ಲ. "ಎಷ್ಟು ದಿನದಿಂದ ಕೇಳಬೇಕಂತಿದ್ದಿ ತಾಯಿ?" ಅಂದ.

"ಏಳು ವರ್ಷ ಆತ್ರಿ, ಬಾಗಲದಾಗ ಕೂತು."

ಅಂವ ಆಕಿನ್ನ ಒಂದು ಗಳಿಗಿ ನೋಡಿದ. ಕಣ್ಣು ಮುಚ್ಚಿ ಹಾರ್ಮೋನಿಯಂ ಮ್ಯಾಲ ಕೈ ಇಟ್ಟ. "ದಣದ ಬಂದಾನವ್ವ ಬಾಗಲಿಗಿ, ಕಾಲಿಗಿ ನೀರ ಕೊಡ" ಅಂತ ಹಾಡಿದ. ಪುಸ್ತಕದಾಗ ಈ ಸಾಲು ಎಲ್ಲೂ ಇರಲಿಲ್ಲ.

ಹೊರಗ ಬಂದ ಮ್ಯಾಲ ಅತ್ತಿ ಗೇಟಿನ ದೀಪದ ಕೆಳಗ ನಿಂತ್ಲು. ಆಮ್ಯಾಲ ನನ್ನ ಕೈಯಾಗಿನ ಪುಸ್ತಕ ಮುಟ್ಟಿ, "ಇದರಾಗೂ ಹಂಗೇ ಅದ ಏನೋ?" ಅಂದ್ಲು.

"ಹಂಗೇ ಅದ ಅತ್ತಿ."

"ಹಂಗಾರ ಓದು."

ಪುಸ್ತಕ ತೆಗೆದೆ. ದೀಪ ಆರಿದ ಪುಟ ಕಣ್ಣ ಮುಂದಿತ್ತು. ಅದರ ಮ್ಯಾಲ ಬೆರಳಿಟ್ಟು ಓದಿದೆ: "ದಣದ ಬಂದಾನವ್ವ ಬಾಗಲಿಗಿ, ಕಾಲಿಗಿ ನೀರ ಕೊಡ."

"ಇನ್ನೊಮ್ಮಿ ಓದಪ್ಪಾ" ಅಂದ್ಲು. ಓದಿದೆ.