ಯಾರ ಮನೆಯ ಕಾಯಿಲೆ?

ನಂಜಪ್ಪ: ಫೋನ್ ಕೊಡೆ ಇತ್ಲಾಗೆ. ಕೊಣನೂರಿನ ಬೀಗರಿಗೆ ಏಳ್ಬುಡ್ತೀನಿ, ನಮ್ಮ ಮಗಳು ಅನುಶ್ರೀ ನಿಶ್ಚಿತಾರ್ಥ ಬ್ಯಾಡ ಅಂತ.

ಚಿಕ್ಕತಾಯಮ್ಮ: ಕೊಡಾಕಿಲ್ಲ. ಡಾಕ್ಟ್ರು ಇನ್ನೂ ಬಾಯೇ ಬುಟ್ಟಿಲ್ಲ, ನೀವಾಗ್ಲೇ ಮದ್ವೆ ಮುರೀತೀರಲ್ಲ!

(ಹಾಸನದ ಒಂದು ಆಸ್ಪತ್ರೆಯ ಬೆಂಚು. ಹರದನಹಳ್ಳಿಯ ನಂಜಪ್ಪನಿಗೆ ರಕ್ತದ ಕ್ಯಾನ್ಸರ್ ಎಂದು ಹೋದ ವಾರ ತಿಳಿದಿದೆ. ಜೀನ್ ಒಂದು ಕೆಟ್ಟಿದೆ ಎಂದು ನರ್ಸ್ ಈಗಷ್ಟೇ ಹೇಳಿ ಹೋಗಿದ್ದಾರೆ. ಫೋನ್ ಹೆಂಡತಿ ಚಿಕ್ಕತಾಯಮ್ಮನ ಸೆರಗಿನೊಳಗಿದೆ.)

ನಂಜಪ್ಪ: ಜೀನು ಕೆಟ್ಟೈತೆ ಅಂದ್ರೆ ಮಗಳಿಗೂ ಬತ್ತದೆ, ಮೊಮ್ಮಕ್ಕಳಿಗೂ ಬತ್ತದೆ. ಗೊತ್ತಿದ್ದೂ ಇನ್ನೊಬ್ರ ಮನೆಗೆ ಕಳ್ಸಾದಾ?

ಚಿಕ್ಕತಾಯಮ್ಮ: ಅಂಗಾದ್ರೆ ಒಪ್ಕೊಂಡ್ರಿ, ಇದು ನಿಮ್ಮ ವಂಶದ್ದೇ ಅಂತ.

ನಂಜಪ್ಪ: ಬಾಯ್ಮುಚ್ಚೆ! ನಮ್ಮ ತಾತ ತೊಂಬತ್ತಾದ್ರೂ ತೆಂಗಿನಮರ ಅತ್ತೋನು. ನಮ್ಮನೆ ಗದ್ದೆ, ಬಾವಿ, ಮರ್ಯಾದೆ ಎಲ್ಲಾ ಅವ್ನು ಮಾಡಿಟ್ಟಿದ್ದು. ಕಾಯಿಲೆ ನಿಮ್ಮ ಕಡೇದೇ ಕಣೆ.

ಚಿಕ್ಕತಾಯಮ್ಮ: ಮದ್ವೇಲಿ ನಮ್ಮಪ್ಪ ನಿಮಗೆ ಕೊಟ್ಟಿದ್ದು ವಾಚು, ರಕ್ತ ಅಲ್ಲ!

ನಂಜಪ್ಪ: ಅವತ್ತಿಂದ ನಿನ್ನ ಕೈಯಡ್ಗೆ ತಿಂದಿದ್ದೀನಲ್ಲ!

(ಒಳಗೆ ಕರೆಯುತ್ತಾರೆ. ಡಾಕ್ಟರ್ ತೇಜಶ್ರೀ ಇಬ್ಬರನ್ನೂ ಕೂರಿಸುತ್ತಾರೆ.)

ತೇಜಶ್ರೀ: ಮೂಳೆಯ ಮಜ್ಜೆಯಲ್ಲಿ ರಕ್ತ ಹುಟ್ಟುತ್ತೆ. ಅಲ್ಲಿನ ಜೀವಕೋಶದೊಳಗೆ ಕಿಣ್ವಗಳಿರುತ್ತವೆ, ಅಡುಗೆಯವರು ಅಂದ್ಕೊಳಿ. ಜೀನ್ ಕೆಟ್ಟಿದ್ದರಿಂದ ನಿಮ್ಮಲ್ಲಿ ಐಡಿಎಚ್ ಅನ್ನೋ ಕಿಣ್ವ ಕೆಟ್ಟು, ಮಾಡಬಾರದ ಅಡುಗೆ ಮಾಡ್ತಿದೆ.

ನಂಜಪ್ಪ: ನಾನೇಳ್ಲಿಲ್ವೇನೆ? ಅಡ್ಗೇದೇ ತಪ್ಪು!

ತೇಜಶ್ರೀ: ಅಮ್ಮನ ಅಡುಗೆ ಅಲ್ಲ ಯಜಮಾನ್ರೇ! ಆ ಕಿಣ್ವದ ಅಡುಗೆಯಿಂದ ಎಳೇ ರಕ್ತಕಣ ಬಲಿಯೋದೇ ಇಲ್ಲ. ಎಲ್ಲಾ ಒಂದನೇ ಕ್ಲಾಸಲ್ಲೇ ಕೂತು ಜಾಗ ತುಂಬಿಕೊಂಡಿವೆ. ನಾನು ಕೊಡೋ ಮಾತ್ರೆ ಆ ಕಿಣ್ವದ ಕೈ ಕಟ್ಟುತ್ತೆ. ಆಮೇಲೆ ಕಣಗಳು ಬಲಿಯೋಕೆ ಶುರು ಮಾಡಬಹುದು.

ಚಿಕ್ಕತಾಯಮ್ಮ: ಅರವತ್ತಾದ್ರೂ ಬುದ್ಧಿ ಬಲೀದೆ ಇರೋರಿಗೂ ಆಯ್ತದಾ ಮೇಡಮ್ಮೋರೆ, ಈ ಮಾತ್ರೆ?

ನಂಜಪ್ಪ: (ದನಿ ತಗ್ಗಿಸಿ) ಅದಿರ್ಲಿ ಮೇಡಮ್ಮೋರೆ. ಮಗಳಿಗೆ ಬತ್ತದಾ, ಇಲ್ವಾ? ಅದೊಂದು ಏಳ್ಬುಡಿ.

ತೇಜಶ್ರೀ: ಇಲ್ಲ. ಇದು ಅಪ್ಪ ಅಮ್ಮನಿಂದ ಬಂದಿದ್ದೂ ಅಲ್ಲ, ಮಕ್ಕಳಿಗೆ ಹೋಗೋದೂ ಅಲ್ಲ. ನಿಮ್ಮ ಮಜ್ಜೆಯಲ್ಲೇ, ನಿಮ್ಮ ಕಾಲದಲ್ಲೇ ಆಗಿರೋ ಬದಲಾವಣೆ.

(ನಂಜಪ್ಪ ಟವಲಿನಿಂದ ಮುಖ ಒರೆಸಿಕೊಳ್ಳುತ್ತಾನೆ, ಬೇಗ ಮುಗಿಸುವುದಿಲ್ಲ. ಚಿಕ್ಕತಾಯಮ್ಮ ಫೋನ್ ತೆಗೆದು ಅವನ ತೊಡೆಯ ಮೇಲಿಡುತ್ತಾಳೆ.)

ಚಿಕ್ಕತಾಯಮ್ಮ: ತಗಳಿ, ಬೀಗರಿಗೆ ಏಳಿ, ನಿಶ್ಚಿತಾರ್ಥಕ್ಕೆ ಬನ್ನಿ ಅಂತ. (ಡಾಕ್ಟರ್ ಕಡೆ ತಿರುಗಿ) ನೋಡಿ ಮೇಡಮ್ಮೋರೆ, ಗದ್ದೆ ತಾತಂದು, ಬಾವಿ ತಾತಂದು, ಮರ್ಯಾದೇನೂ ತಾತಂದು. ಇವ್ರು ಸ್ವಂತಕ್ಕೆ ಅಂತ ಮಾಡ್ಕೊಂಡಿರಾದು ಈ ಕಾಯಿಲೆ ಒಂದೇ. ಇದನ್ನ ಮಾತ್ರ ಉಳುಸ್ಬ್ಯಾಡಿ.