ಓದಿದರೆ ಓಡುವ ಬಸ್ಸು

"ಎಂಜಿನ್ ಇಲ್ಲ, ಡೀಸೆಲ್ ಇಲ್ಲ, ಡ್ರೈವರನೂ ಇಲ್ಲ! ಮಕ್ಕಳು ಓದಿದ್ರ ಸಾಕು, ಬಸ್ಸು ತಾನ ಓಡತೈತಿ!" ಎಂದು ವೀರಬಸಪ್ಪ ಶಾಲೆಯ ಬೇವಿನ ಮರದ ಕೆಳಗೆ ನಿಂತು ಎದೆಯುಬ್ಬಿಸಿ ಸಾರಿದರು.

ಅವರ ಸೊಸೆ ಸುಮಂಗಲಾ ಟೀಚರಿಗೆ ತಲೆ ಗಿರ್ರೆಂದಿತು. ಐದನೇ ತರಗತಿಯ ಓದಿನ ಪುನರಾವರ್ತನೆಗೆಂದು ಅವಳು ಹೂಡಿದ್ದು ಸರಳ ಆಟ. ಕಾರವಾರದ ಸಮುದ್ರದವರೆಗಿನ ದಾರಿಯ ಪಾಠವನ್ನು ಮಕ್ಕಳು ಓದಬೇಕು. ಪ್ರಶ್ನೆಗೆ ಉತ್ತರ ಹೇಳಿದರೆ ರಟ್ಟಿನ ಪಾಸ್‌ಪೋರ್ಟಿಗೆ ಆ ಊರಿನ ಮುದ್ರೆ. ಕೊನೆಯ ಮುದ್ರೆ ಬಿದ್ದ ಮೇಲೆ ನಿಜವಾದ ಸಮುದ್ರವನ್ನೇ ತೋರಿಸುತ್ತೇನೆಂದು ಮಾತು ಕೊಟ್ಟು ಕೂತಿದ್ದಳು. ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮಾವನಿಗೆ ಇಷ್ಟು ಸುಳಿವು ಸಿಕ್ಕಿದ್ದೇ ತಡ, ಗುಜರಿ ಬಸ್ಸೊಂದನ್ನು ಎಳೆತಂದು ಅದರ ಮೂತಿಗೆ ಓದು ಆಲಿಸಿ ಪ್ರಶ್ನೆ ಕೇಳುವ ಡಬ್ಬಿಯೊಂದನ್ನು ಕಟ್ಟಿಬಿಟ್ಟರು!

"ಮಾವಾರ, ಇವತ್ತೊಂದಿನ ಬ್ಯಾಡ್ರಿ! ಪ್ರವಾಸಕ್ಕ ಒಪ್ಪಿಗಿ ಕೊಡೋ ಶಿಕ್ಷಣ ಇಲಾಖೆಯ ಪಟ್ಟೇದ ಸಾಹೇಬ್ರು ಬರಾಕತ್ತಾರ!"

"ಬರ್ಲಿ ಬಿಡವಾ! ಅವರಿಗೆ ಕಿಟಕಿ ಸೀಟು ಟವೆಲ್ ಹಾಕಿ ಹಿಡದಿಟ್ಟೀನಿ!"

ಸಾಹೇಬರು ಬಂದರು, ಹತ್ತಿದರು, ಟವೆಲ್ ಸರಿಸಿ ಕೂತರು. ಮಕ್ಕಳು ರೂಢಿಯಂತೆ ರಾಗ ಎಳೆದು ಪಾಠ ಒಪ್ಪಿಸತೊಡಗಿದರು. ಬಸ್ಸು ನಿಂತಲ್ಲೇ ತೊಟ್ಟಿಲಿನಂತೆ ತೂಗಿತು. ಸಾಹೇಬರಿಗೆ ಜೊಂಪು ಹತ್ತಿತು!

"ತಿಳಕೊಂಡು ಓದ್ರಲೇ! ಬಾಯಿಪಾಠಕ್ಕ ಇದು ಜಗ್ಗೂದಿಲ್ಲ!" ಎಂದು ಮಾವ ಗದರಿದರು.

ಕಸ್ತೂರಿ ಎಂಬ ಹುಡುಗಿ ಎದ್ದು ಅಕ್ಷರ ಕೂಡಿಸಿ ಓದಿದಳು. ಬಸ್ಸು ಹೊರಟೇಬಿಟ್ಟಿತು! ಆದರೆ ಅವಳು ತಡವರಿಸಿದಲ್ಲೆಲ್ಲ ಒಂದು ತಗ್ಗು. "ಯ... ಲ್ಲಾ..." ಧಡ್! "ಪು... ರ..." ಧಡ್! ಪ್ರತಿ ಸಲವೂ ಸಾಹೇಬರ ತಲೆ ಮೇಲಿನ ತಗಡಿಗೆ ಬಡಿಯಿತು.

"ನಿಲ್ಲಸ್ರಿ! ಇವರಿಗೆ ಪ್ರವಾಸ ಬ್ಯಾರೆ ಕೇಡು! ಸುತ್ತೋಲೆ ಏನ್ ಹೇಳತೈತಿ ಕೇಳ್ರಿ!" ಎಂದು ಅವರು ಕಿಸೆಯಿಂದ ಹಾಳೆ ತೆಗೆದು ಗಟ್ಟಿಯಾಗಿ ಓದಿದರು. "ಈ ಬಗ್ಗೆ ಹೋದ ವರ್ಷದ ಆದೇಶವನ್ನು ನೋಡುವುದು. ಆ ಆದೇಶಕ್ಕೆ ಅದರ ಹಿಂದಿನ ವರ್ಷದ್ದನ್ನು ನೋಡುವುದು. ಅದಕ್ಕೆ..."

ಓದು ಎತ್ತ ಒಯ್ದರೆ ಬಸ್ಸು ಅತ್ತ ಹೋಗಬೇಕಷ್ಟೆ! ಗಕ್ಕನೆ ಹಿಂದಕ್ಕೆ ಓಡಿತು. ಶಾಲೆಯ ಗೇಟು ದಾಟಿತು, ಚಹಾ ಅಂಗಡಿಯ ಬೆಂಚು ಉರುಳಿಸಿತು. ಕಟಿಂಗ್ ಅಂಗಡಿಯಿಂದ ಅರ್ಧ ಗಡ್ಡದವನೊಬ್ಬ ಎದ್ದು ಓಡಿದ!

"ಸಾಹೇಬ್ರ, ಓದಿದ್ದರ ಅರ್ಥ ಹೇಳ್ರಿ, ನಿಲ್ಲತೈತಿ!" ಎಂದು ಮಾವ ಕೂಗಿದರು.

"ಅರ್ಥಾನಾ? ಸುತ್ತೋಲೆದಾ?"

"ಮಾವಾರ, ಬ್ರೇಕ್ ಎಲ್ಲೈತ್ರಿ?" ಸುಮಂಗಲಾ ಕಿರುಚಿದಳು.

"ಬ್ರೇಕ್ ಡ್ರೈವರಂದು! ನಾ ಕಂಡಕ್ಟರ್, ನನಗ ಸೀಟಿ ಅಷ್ಟ ಗೊತ್ತು!"

ಹಿಂದೆ ಕೆರೆಯ ಏರಿ ಹತ್ತಿರವಾಗುತ್ತಿತ್ತು. "ಕಸ್ತೂರೀ, ಸಮುದ್ರದ ಪಾಠ ಓದವಾ, ಲಗೂನ!" ಎಂದು ಸುಮಂಗಲಾ ಕೂಗಿದಳು.

ಗಾಬರಿಯಲ್ಲಿ ಕಸ್ತೂರಿ ತಡವರಿಸುವುದನ್ನೇ ಮರೆತಳು. ಸಮುದ್ರ ಕಾಣಬೇಕೆಂಬ ಆಸೆ ಒಂದೊಂದು ಮಾತಿನಲ್ಲೂ ಕೇಳುತ್ತಿತ್ತು. ಉಳಿದವರೂ ರಾಗ ಬಿಟ್ಟು, ತಿಳಿದು, ಓದಿಗೆ ಓದು ಕೂಡಿಸಿದರು. ಬಸ್ಸು ಏರಿಯ ಅಂಚಿನಲ್ಲಿ ನಿಂತು, ಗರ್ರನೆ ತಿರುಗಿ, ಬಾಣ ಬಿಟ್ಟಂತೆ ಮುಂದಕ್ಕೆ ಹಾರಿತು! ಹುಬ್ಬಳ್ಳಿ ಬಂತು, ಹೋಯಿತು! ಯಲ್ಲಾಪುರ ಬಂತು, ಹೋಯಿತು! ಊರೂರಿಗೂ ಡಬ್ಬಿ ಪ್ರಶ್ನೆ ಕೇಳಿತು, ಮಕ್ಕಳು ಪಟಪಟನೆ ಉತ್ತರ ಕೊಟ್ಟರು, ಮುದ್ರೆಗಳು ಠಪ್ ಠಪ್ ಎಂದು ಬಿದ್ದವು. ಸುಮಂಗಲಾಳಿಗೆ ಹೆದರಿಕೆ ಎಲ್ಲಿ ಹೋಯಿತೋ, ಸೀಟಿನ ಮೇಲೆ ನಿಂತು ಕುಣಿಯುವಷ್ಟು ಖುಷಿಯಾಯಿತು.

"ನನ್ನ ಇಳಸ್ರಿ!"

"ಟಿಕೆಟ್ ಹರದಾತ್ರಿ ಸಾಹೇಬ್ರ! ಕಾರವಾರದ ತನಕ ನಾನ್‌ಸ್ಟಾಪ್!"

ಮುಂದಿನ ಎರಡು ಗಾಲಿ ತೆರೆಯಲ್ಲಿ ನೆನೆದ ಮೇಲೆಯೇ ಬಸ್ಸು ನಿಂತಿತು. ಮಕ್ಕಳು ಹೋ ಎಂದು ನೀರಿಗೆ ಬಿದ್ದರು. ಸಾಹೇಬರು ಸ್ವಲ್ಪ ಹೊತ್ತು ಮುಖ ಗಂಟಿಕ್ಕಿ ಕೂತರು, ಆಮೇಲೆ ಪ್ಯಾಂಟು ಮಡಚಿ ತಾವೂ ಇಳಿದರು. ಮೊಣಕಾಲುದ್ದ ನೀರಿನಲ್ಲಿ ನಿಂತೇ ಒಪ್ಪಿಗೆಗೆ ಸಹಿ ಹಾಕಿದರು!

ಹೊತ್ತು ಇಳಿಯತೊಡಗಿದಾಗ ಸುಮಂಗಲಾಳಿಗೆ ಜ್ಞಾನೋದಯವಾಯಿತು. "ಮಾವಾರ, ಪಾಠ ಸಮುದ್ರಕ್ಕ ಮುಗೀತು. ತಿರುಗಿ ಊರಿಗೆ ಏನ್ ಓದೂದ್ರಿ?"

ಮಾವ ಸಾಹೇಬರ ಮುಂದೆ ಕೈ ಚಾಚಿದರು. "ಸುತ್ತೋಲೆ ತಗೀರಿ."

ಸಾಹೇಬರು ಓದಿದರು. ಬಸ್ಸು ಘಟ್ಟವನ್ನು ಹಿಂದುಹಿಂದಕ್ಕೇ ಹತ್ತಿತು, ಯಲ್ಲಾಪುರ ಹುಬ್ಬಳ್ಳಿಗಳನ್ನು ಹಿಂದುಹಿಂದಕ್ಕೇ ದಾಟಿತು. ಆದೇಶದ ಹಿಂದಿನ ಆದೇಶ ಹುಡುಕುತ್ತ ಹೋಗಿ, ಈ ಶಾಲೆ ಕಟ್ಟಿದ ವರ್ಷದ ಆದೇಶಕ್ಕೆ ಬಂದಾಗ ಓದಲು ಮತ್ತೇನೂ ಉಳಿಯಲಿಲ್ಲ. ಬಸ್ಸು ಬೇವಿನ ಮರದ ಕೆಳಗೇ ಬಂದು ನಿಂತಿತ್ತು.

ಮಾವ ಸೀಟಿ ಊದಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ನೋಡವಾ, ಸರಕಾರದ ಯಾವ ಕಾಗದಾನೂ ದಂಡ ಹೋಗೂದಿಲ್ಲ."